ಕೇಳಲಾರದವರ ಹಸಿವು

ಉಪವಾಸವೇ ಬೇರೆ, ಹಸಿವೇ ಬೇರೆ. ಶಿವರಾತ್ರಿಯಂದು ಉಪವಾಸವಿದ್ದು ಜಾಗರಣೆ ಮಾಡುವ ಭಕ್ತನಿಗೆ ಮರುದಿನದ ಪಾರಣೆ ನಿಶ್ಚಿತ. ಆದ್ದರಿಂದಲೇ ಅವನ ಮನಸ್ಸು ಲಿಂಗದಲ್ಲಿ ನಿಲ್ಲುತ್ತದೆ. ನಾಳೆಯ ಅನ್ನದ ಭರವಸೆಯೇ ಇಲ್ಲದವನ ಮನಸ್ಸು ಎಲ್ಲಿಯೂ ನಿಲ್ಲದು. 2020ರ ಮಾರ್ಚ್ 25ರಿಂದ ದೇಶವೆಲ್ಲ ಲಾಕ್‌ಡೌನ್ ಆದಾಗ ನಾವು ಕಂಡದ್ದು ಈ ಎರಡನೆಯದನ್ನು.

ಕೊರೋನಾ ಮಾರಿಯ ಆ ದಿನಗಳಲ್ಲಿ ಸರಕಾರ ಕೈಕಟ್ಟಿ ಕೂತಿರಲಿಲ್ಲ. ಪ್ರಧಾನಮಂತ್ರಿ ಗರೀಬ್ ಕಲ್ಯಾಣ ಅನ್ನ ಯೋಜನೆಯಲ್ಲಿ 2020ರ ಏಪ್ರಿಲ್‌ನಿಂದ ಪಡಿತರದವರಿಗೆ ತಿಂಗಳಿಗೆ ತಲಾ 5 ಕಿಲೋ ಧಾನ್ಯ ಹೆಚ್ಚಾಗಿ, ಉಚಿತವಾಗಿ ಬಂದಿತು. ಆದರೆ ಕಾರ್ಡು ಯಾದಗಿರಿಯ ಹಳ್ಳಿಯಲ್ಲಿ, ದುಡಿಯುವವನು ಬೆಂಗಳೂರಿನಲ್ಲಿಯೋ ಮುಂಬಯಿಯಲ್ಲಿಯೋ ಇದ್ದರೆ? ಕಾರ್ಡಿಲ್ಲದ ವಲಸಿಗರಿಗೂ ಧಾನ್ಯವೆಂಬ ಘೋಷಣೆ ಬಂದದ್ದು ಮೇ ತಿಂಗಳಲ್ಲಿ. ಅಷ್ಟರೊಳಗೆ ಎಷ್ಟೋ ಜನ ಗಂಟುಮೂಟೆ ಹೊತ್ತು ನಡೆದೇ ಊರ ದಾರಿ ಹಿಡಿದಿದ್ದರು. ಶಾಲೆ ಮುಚ್ಚಿದ್ದರಿಂದ ಅಕ್ಷರ ದಾಸೋಹದ ಬಿಸಿಯೂಟವೂ ನಿಂತಿತು. ನಮ್ಮ ನಾಡಿನ ಒಂದರಿಂದ ಐದನೆಯ ಇಯತ್ತೆಯ ಮಕ್ಕಳಿಗೆ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು.

ನಾವು ಹೇಳಹೊರಟಿದ್ದು ಅಕ್ಕಿಯ ಲೆಕ್ಕವನ್ನಲ್ಲ. ಕೂಲಿಮಗ್ಗದ ನೇಕಾರ, ಕ್ಷೌರದಂಗಡಿಯವನು, ಟಂಟಂ ಓಡಿಸುವ ಹುಡುಗ, ಖಾನಾವಳಿಗೆ ರೊಟ್ಟಿ ತಟ್ಟಿಕೊಡುತ್ತಿದ್ದ ತಾಯಿ, ಇವರು ಎಂದೂ ಯಾರ ಮುಂದೆಯೂ ಕೈಯೊಡ್ಡಿದವರಲ್ಲ. ಕಾಯಕ ನಿಂತಿತು. ಅನ್ನದೊಡನೆ ಮಾನವೂ ಹೋಯಿತೆಂದು ಒಳಗೊಳಗೇ ಬೆಂದರು. ಗಂಡ ‘ನಂದಾತು’ ಎಂದ, ಹೆಂಡತಿ ‘ನಂದೂ ಆತು’ ಎಂದಳು, ಇಬ್ಬರೂ ಉಂಡಿರಲಿಲ್ಲ. ನಿದ್ದೆ ಹಾರಿತು, ಮಾತು ಕಡಿಮೆಯಾಯಿತು, ಸಣ್ಣದಕ್ಕೆಲ್ಲ ಸಿಟ್ಟು. ಹಳ್ಳಿಯ ಹಿರಿಯರು ಇದನ್ನು ಗಾಳಿ ಸೋಕಿದೆ ಎಂದೋ, ದುಡಿಯಲು ಬೇಸರವೆಂದೋ ತಳ್ಳಿಹಾಕುವುದುಂಟು. ಹಾಗೆನ್ನಬಾರದು. ಜ್ವರದಂತೆ ಅದೂ ಒಂದು ಬೇನೆ. ಮಾರಿ ಹೋದ ಮೇಲೂ ಕೆಲವರಲ್ಲಿ ಉಳಿದುಬಿಡುತ್ತದೆ.

ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಆಯ್ದು ತಂದ ಅಕ್ಕಿಯನ್ನು ಮರಳಿ ಸುರಿದು ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮನ ಕಥೆ ಕೇಳಿ ನಾವೆಲ್ಲ ತಲೆದೂಗುತ್ತೇವೆ. ಅಂಥ ಸ್ವಾಭಿಮಾನಿಗಳ ಬಾಗಿಲಿಗೇ ಆಹಾರದ ಕಿಟ್ಟು ಒಯ್ದು, ಹಿಂದೆ ಬ್ಯಾನರು ಹಿಡಿಸಿ, ತಾಯಿಯ ಸೆರಗು ಸರಿಸಿ ಮುಖ ಕಾಣುವಂತೆ ನಿಲ್ಲಿಸಿ ಫೋಟೋ ತೆಗೆಸಿದ ದಾನಿಗಳೆಷ್ಟು! ಒಂದು ಕಿಲೋ ಬೇಳೆಗೆ ಅಷ್ಟು ಬೆಲೆಯೇ? ದಾಸೋಹವೆಂದರೆ ‘ನಾನು ದಾಸ’ ಎಂಬ ಭಾವ. ಅಲ್ಲಿ ಬಾಗಬೇಕಾದದ್ದು ಕೊಡುವವನ ತಲೆ. ರಾತ್ರಿ ಜೋಳದ ಚೀಲವನ್ನು ಕಟ್ಟೆಯ ಮೇಲಿಟ್ಟು ಹೆಸರು ಹೇಳದೆ ಹೋದವರೂ ಇದ್ದರು. ಅವರ ಫೋಟೋ ಎಲ್ಲಿಯೂ ಬರಲಿಲ್ಲ.

ಮನದ ಬೇನೆಗೆ ಮದ್ದುಂಟು. ಹಳ್ಳಿಗರಿಗೆ ಸಮೀಪದಲ್ಲೇ ಈ ಚಿಕಿತ್ಸೆ ಸಿಗಬೇಕೆಂದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲೇ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿತು; ಆ ಮಾದರಿಯೇ ಮುಂದೆ ದೇಶಕ್ಕೆ ಹಬ್ಬಿತು. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಎಂಬ ಸರಕಾರದ ಸೇವೆಯೂ ಇದೆ. 14416ಕ್ಕೆ ಫೋನು ಮಾಡಿದರೆ ಖರ್ಚಿಲ್ಲದೆ, ಕನ್ನಡದಲ್ಲಿಯೇ ಕೇಳುವವರಿದ್ದಾರೆ. ಮಗನಿಗೆ ತಾಯತ ಬೇಕೆಂದು ಮಠಕ್ಕೆ ಬರುವ ತಾಯಂದಿರಿಗೆ ನಾವು ವಿಭೂತಿ ಕೊಡುತ್ತೇವೆ. ಜೊತೆಗೆ ಒಂದು ಚೀಟಿಯಲ್ಲಿ ಈ ನಂಬರನ್ನೂ ಬರೆದು ಕೊಡುತ್ತೇವೆ.