ಪಟ್ಟಿಯಲ್ಲಿಲ್ಲದ ಡಾಕ್ಟರನ್ನು ಎಣಿಸುವುದು ಹೇಗೆ?

ನಮ್ಮೂರಿಗೆ ಸೈಕಲ್ಲಿನ ಮೇಲೆ ಒಬ್ಬ ‘ಡಾಕ್ಟ್ರು’ ಬರುತ್ತಿದ್ದರು. ಹ್ಯಾಂಡಲ್ಲಿಗೆ ಚರ್ಮದ ಚೀಲ, ಅದರೊಳಗೆ ಸಿರಿಂಜು ಕುದಿಸುವ ಸ್ಟೀಲ್ ಡಬ್ಬಿ. ಜ್ವರಕ್ಕೊಂದು ಸೂಜಿ, ಸೊಂಟನೋವಿಗೊಂದು ಸೂಜಿ, ಕೇಳಿದವರಿಗೆಲ್ಲ ಇನ್ನೊಂದು. ಅವರು ಎಲ್ಲಿ ಓದಿದರು ಎಂದು ಯಾರೂ ವಿಚಾರಿಸಿದ್ದಿಲ್ಲ. ವೈದ್ಯಕೀಯ ಪರಿಷತ್ತಿನ ರಿಜಿಸ್ಟರಿನಲ್ಲಿ ಅವರ ಹೆಸರು ಇದ್ದಿರಲಾರದು.

ಇಂಥವರು ದೇಶದಲ್ಲಿ ಎಷ್ಟು ಮಂದಿ? ರಿಜಿಸ್ಟರು ನೋಡಿ ಪ್ರಯೋಜನವಿಲ್ಲ. ಅದರಲ್ಲಿ ತೀರಿಕೊಂಡವರ, ವಿದೇಶಕ್ಕೆ ಹೋದವರ ಹೆಸರುಗಳೂ ಉಳಿದಿರುವುದುಂಟು. ಹಳ್ಳಿಯಲ್ಲಿ ದಿನಾ ಸೂಜಿ ಚುಚ್ಚುವವನದು ಮಾತ್ರ ಇರುವುದಿಲ್ಲ.

ಒಂದು ಉಪಾಯ ಜನಗಣತಿಯದು. ಎಣಿಕೆದಾರ ಕಸುಬೇನೆಂದು ಕೇಳುತ್ತಾನೆ, ಹೇಳಿದ್ದನ್ನು ಬರೆದುಕೊಳ್ಳುತ್ತಾನೆ. ಸರ್ಟಿಫಿಕೇಟು ತೋರಿಸು ಎನ್ನುವುದಿಲ್ಲ. ಓದು ಎಷ್ಟೆಂಬುದು ಬೇರೆ ಕಾಲಮ್ಮು. 2001ರ ಗಣತಿಯ ಈ ಎರಡೂ ಕಾಲಮ್ಮುಗಳನ್ನು ಸುಧೀರ್ ಆನಂದ್ ಮತ್ತು ವಿಕ್ಟೋರಿಯಾ ಫ್ಯಾನ್ ಪಕ್ಕಪಕ್ಕದಲ್ಲಿಟ್ಟು ನೋಡಿದರು. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಪ್ರಕಟಿಸಿದ ಆ ವರದಿಯ ಪ್ರಕಾರ, ಅಲೋಪತಿ ಡಾಕ್ಟರೆಂದು ಹೇಳಿಕೊಂಡವರಲ್ಲಿ ಶೇ. 57.3 ಮಂದಿಗೆ ವೈದ್ಯಕೀಯ ವಿದ್ಯಾರ್ಹತೆಯೇ ಇರಲಿಲ್ಲ. ಹಳ್ಳಿಗಳಲ್ಲಿ ವಿದ್ಯಾರ್ಹತೆ ಇದ್ದವರು ಶೇ. 18.8 ಮಾತ್ರ!

ಆದರೆ ಒಕ್ಕಲುತನದ ಜೊತೆಗೆ ಸಂಜೆ ಹೊತ್ತು ಮದ್ದು ಕೊಡುವವನು ಗಣತಿಯಲ್ಲಿ ‘ರೈತ’ ಎಂದು ಬರೆಸಿದರೆ? ಮತ್ತೆ ಲೆಕ್ಕ ತಪ್ಪಿತು. ಅದಕ್ಕೇ ಜಿಷ್ಣು ದಾಸ್ ಮತ್ತು ಸಂಗಡಿಗರು ಹಾದಿಯನ್ನೇ ತಿರುಗಿಸಿದರು. 19 ರಾಜ್ಯಗಳ 1,519 ಹಳ್ಳಿಗಳಲ್ಲಿ ಅವರು ಮೊದಲು ಕೇಳಿದ್ದು ಡಾಕ್ಟರನ್ನಲ್ಲ, ಊರವರನ್ನು: ಕಾಯಿಲೆ ಬಿದ್ದರೆ ಎಲ್ಲಿಗೆ ಹೋಗುತ್ತೀರಿ? ಆಮೇಲೆ ಅವರು ಹೇಳಿದ ಬಾಗಿಲುಗಳನ್ನು ತಟ್ಟಿದರು. ‘ನಕಲಿ ಡಾಕ್ಟರು ಯಾರಿದ್ದಾರೆ?’ ಎಂದು ಕೇಳಿದ್ದರೆ ಊರಿಗೂರೇ ಬಾಯಿ ಮುಚ್ಚುತ್ತಿತ್ತು. ಹೆಸರು ಇಲಾಖೆಗೆ ಹೋಗುವುದೆಂಬ ಗಾಳಿ ಸುದ್ದಿ ಸಾಕು, ಬೋರ್ಡು ರಾತ್ರೋರಾತ್ರಿ ಇಳಿಯುತ್ತದೆ. ಮರುದಿನ ಜ್ವರದ ಕೂಸನ್ನು ಎತ್ತಿಕೊಂಡ ತಾಯಿ ಮುಚ್ಚಿದ ಬಾಗಿಲಿನ ಮುಂದೆ ನಿಲ್ಲುತ್ತಾಳೆ.

ಹೀಗೆ ಸಿಕ್ಕವರಲ್ಲಿ ಶೇ. 68 ಮಂದಿಗೆ ಯಾವ ಔಪಚಾರಿಕ ವೈದ್ಯ ಶಿಕ್ಷಣವೂ ಇರಲಿಲ್ಲ. ಅಷ್ಟಕ್ಕೇ ಬಿಡದೆ, ಕಾಲ್ಪನಿಕ ರೋಗಿಯ ಲಕ್ಷಣ ಹೇಳಿ ‘ಏನು ಕೇಳುವಿರಿ, ಏನು ಕೊಡುವಿರಿ?’ ಎಂದು ತಿಳಿವನ್ನೂ ಪರೀಕ್ಷಿಸಿದರು. ಕರ್ನಾಟಕ, ತಮಿಳುನಾಡುಗಳ ಡಿಗ್ರಿಯಿಲ್ಲದವರು ಬಿಹಾರ, ಉತ್ತರ ಪ್ರದೇಶಗಳ ಎಂ.ಬಿ.ಬಿ.ಎಸ್. ಡಾಕ್ಟರರಿಗಿಂತ ಮುಂದಿದ್ದರು! ಇದು ನಾವು ಬೀಗುವ ಮಾತೋ ಆ ರಾಜ್ಯಗಳ ಕಾಲೇಜುಗಳು ತಲೆತಗ್ಗಿಸುವ ಮಾತೋ, ನನಗಂತೂ ಬಗೆಹರಿದಿಲ್ಲ.

ನಮ್ಮ ಸೈಕಲ್ ಡಾಕ್ಟ್ರು ಆ ಪರೀಕ್ಷೆಯಲ್ಲಿ ಎಷ್ಟು ಅಂಕ ತೆಗೆಯುತ್ತಿದ್ದರೋ! ಸೂಜಿಯನ್ನಂತೂ ಕುದಿಸಿಯೇ ಚುಚ್ಚುತ್ತಿದ್ದರು.