ಕಡಲ ತಳದ ಕಲ್ಲು ಏನು ಹೇಳುತ್ತದೆ?

ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗದ ಮಕ್ಕಳಿಗೆ ಸಾಗರವೆಂದರೆ ಹಿರಿಯೂರಿನ ವಾಣಿವಿಲಾಸ ಸಾಗರವೇ. ಆದರೆ ಒಳನಾಡಿನವರೂ ಕಡಲ ತಳವನ್ನು ಶೋಧಿಸಬಲ್ಲರು. ಕನ್ನಡಿಗ ಪುರಾತತ್ವಜ್ಞ ಶಿಕಾರಿಪುರ ರಂಗನಾಥ ರಾವ್ (1922–2013) ಅವರ ತಂಡ 1980ರ ದಶಕದಲ್ಲಿ ಗುಜರಾತಿನ ದ್ವಾರಕೆಯ ಕಡಲಿಗಿಳಿಯಿತು. ಅಲ್ಲಿ ಸಿಕ್ಕವು ಮೂರು ತೂತಿನ ಕಲ್ಲಿನ ಲಂಗರುಗಳು. ಮೇಲಿನ ತೂತು ಹಗ್ಗಕ್ಕೆ. ಕೆಳಗಿನೆರಡು, ನೆಲ ಕಚ್ಚುವ ಮರದ ಗೂಟಗಳಿಗೆ.

ಹಡಗಿನ ಮರವನ್ನು ಕಡಲ ಹುಳುಗಳು ಕೊರೆದು ತಿನ್ನುತ್ತವೆ, ಹಗ್ಗ ಕೊಳೆಯುತ್ತದೆ, ಕಲ್ಲು ಉಳಿಯುತ್ತದೆ. ಲಂಗರು ಸಿಕ್ಕಿತೆಂದರೆ ಹಡಗು ಅಲ್ಲೇ ಮುಳುಗಿತೆಂದಲ್ಲ. ಅಲ್ಲಿಗೆ ಹಡಗು ಬಂದಿತ್ತು ಎಂದಷ್ಟೇ. ಕಲ್ಲೊಂದೇ ತನ್ನ ಕಾಲವನ್ನೂ ಹೇಳದು. ಆದ್ದರಿಂದ ಶೋಧಕರು ಅದು ಸಿಕ್ಕ ಜಾಗ, ಆಳ, ಅಕ್ಕಪಕ್ಕದ ವಸ್ತುಗಳನ್ನು ಮೊದಲು ಬರೆದಿಡುತ್ತಾರೆ. ಸಾಕ್ಷಿ ಹೇಳಿದಷ್ಟನ್ನೇ ಒಪ್ಪುವುದು ವಿಜ್ಞಾನ.

ಪಾಲಕರೇ, ಮಗು ಕೆರೆಯಂಗಳದಿಂದ ತೂತಿನ ಕಲ್ಲು ತಂದರೆ ಗದರಬೇಡಿ. “ಎಲ್ಲಿ ಸಿಕ್ಕಿತು?” ಎಂದು ಕೇಳಿ.