'ರಿಜಿಸ್ಟರ್' ಪದಕ್ಕೆ ಇನ್ನು ಬಿಡುವು ಕೊಡಿ

ಇಂಜಿನಿಯರಿಂಗ್ ಕಾಲೇಜಿನ ಪರೀಕ್ಷೆಯಲ್ಲಿ 'ಸಿ ಭಾಷೆಯ ಸ್ಟೋರೇಜ್ ಕ್ಲಾಸ್‌ಗಳನ್ನು ವಿವರಿಸಿ' ಎಂಬ ಪ್ರಶ್ನೆ ಬಂದರೆ ಉತ್ತರ ಬಾಯಿಪಾಠ: ಆಟೊ, ರಿಜಿಸ್ಟರ್, ಸ್ಟ್ಯಾಟಿಕ್, ಎಕ್ಸ್‌ಟರ್ನ್. ಲೂಪ್ ಎಣಿಸುವ ವೇರಿಯಬಲ್ ಮುಂದೆ 'ರಿಜಿಸ್ಟರ್' ಎಂದು ಬರೆದರೆ ಪ್ರೋಗ್ರಾಂ ಚುರುಕಾಗುತ್ತದೆ ಎಂಬ ಮಾತೂ ಜೊತೆಗೇ ಬರುತ್ತದೆ. ಒಂದು ಕಾಲಕ್ಕೆ ಅದು ನಿಜವಾಗಿತ್ತು.

ಆ ಕಾಲ 1970ರ ದಶಕ. ಬೆಲ್ ಲ್ಯಾಬ್ಸ್‌ನಲ್ಲಿ ಡೆನ್ನಿಸ್ ರಿಚಿ ಸಿ ಭಾಷೆಯನ್ನು ರೂಪಿಸಿದ್ದು ಪಿಡಿಪಿ-11 ಯಂತ್ರದ ಮೇಲೆ. ಅದರ ಪ್ರೊಸೆಸರ್‌ನಲ್ಲಿದ್ದದ್ದು ಎಂಟೇ ರಿಜಿಸ್ಟರ್. ಅದರಲ್ಲೂ ಎರಡು ಸ್ಟ್ಯಾಕ್ ಪಾಯಿಂಟರ್‌ಗೆ, ಪ್ರೋಗ್ರಾಂ ಕೌಂಟರ್‌ಗೆ ಮೀಸಲು. ಮೆಮೊರಿ ತೀರಾ ಕಡಿಮೆ, ಕಂಪೈಲರ್ ಪುಟ್ಟದು. ಯಾವ ವೇರಿಯಬಲ್‌ಗೆ ಹೆಚ್ಚು ಕೆಲಸ ಎಂಬುದನ್ನು ಪ್ರೋಗ್ರಾಮರೇ ಹೇಳಬೇಕಿತ್ತು. ಹಾಗೆ ಹೇಳಿದರೂ, ಒಂದು ಫಂಕ್ಷನ್‌ನಲ್ಲಿ ಮೊದಲ ಮೂರು ಕೋರಿಕೆಗಳಷ್ಟೇ ಆ ಯಂತ್ರದಲ್ಲಿ ನಡೆಯುತ್ತವೆ ಎಂದು 1978ರ ಕರ್ನಿಗನ್–ರಿಚಿ ಪುಸ್ತಕವೇ ತಿಳಿಸಿತ್ತು.

1980ರ ದಶಕದ ಆರಂಭದಲ್ಲಿ ಐಬಿಎಂನ ಗ್ರೆಗರಿ ಚೈಟಿನ್ ಮತ್ತು ಸಂಗಡಿಗರು ರಿಜಿಸ್ಟರ್ ಹಂಚುವ ಈ ಕೆಲಸವನ್ನು ಕಂಪೈಲರ್‌ಗೇ ವಹಿಸುವ ದಾರಿ ತೋರಿದರು. ನಕ್ಷೆಯಲ್ಲಿ ಅಕ್ಕಪಕ್ಕದ ರಾಜ್ಯಗಳಿಗೆ ಒಂದೇ ಬಣ್ಣ ಬೀಳದಂತೆ ನೋಡಿಕೊಳ್ಳುವ ಲೆಕ್ಕವೇ ಅದರ ಬುನಾದಿ. ಏಕಕಾಲಕ್ಕೆ ಬೇಕಾಗುವ ಎರಡು ವೇರಿಯಬಲ್‌ಗಳಿಗೆ ಒಂದೇ ರಿಜಿಸ್ಟರ್ ಸಿಗಬಾರದು, ಅಷ್ಟೆ. ಇಂದು ಆಪ್ಟಿಮೈಸೇಶನ್ ಆನ್ ಮಾಡಿದ ಜಿಸಿಸಿ ಕಂಪೈಲರ್ ನಮ್ಮ ಸಾಮಾನ್ಯ 'ರಿಜಿಸ್ಟರ್' ಸೂಚನೆಯನ್ನು ಹೆಚ್ಚುಕಡಿಮೆ ಕಡೆಗಣಿಸುತ್ತದೆ. ಉಳಿದಿರುವುದು ಒಂದು ನಿರ್ಬಂಧ ಮಾತ್ರ: ಆ ವೇರಿಯಬಲ್‌ನ ವಿಳಾಸ ಕೇಳುವಂತಿಲ್ಲ.

ಇದ್ದರೇನು ನಷ್ಟ ಎನ್ನುವವರಿದ್ದಾರೆ. ನಷ್ಟವಿದೆ. ಸಿ++ ಭಾಷೆ 2011ರಲ್ಲಿ ಈ ಬಳಕೆಯನ್ನು ಹಳತೆಂದು ಸಾರಿ, 2017ರ ಆವೃತ್ತಿಯಲ್ಲಿ ತೆಗೆದೇಹಾಕಿತು. ಪೈಥಾನ್ 2.7ರ ಹೆಡರ್ ಫೈಲ್‌ಗಳಲ್ಲಿ ಉಳಿದುಹೋಗಿದ್ದ ಈ ಪದಕ್ಕೆ ಹೊಸ ಸಿ++ ಕಂಪೈಲರ್‌ಗಳು ತಕರಾರು ತೆಗೆದವು. ಅದಕ್ಕಿಂತ ಮುಖ್ಯವಾಗಿ, ಕೋಡ್ ಓದುವವನು ಅಲ್ಲಿ ಇಲ್ಲದ ಕಾರಣವನ್ನು ಹುಡುಕುತ್ತಾ ಕೂರುತ್ತಾನೆ.

ಎಲ್ಲ ಸೂಚನೆಗಳನ್ನೂ ಇದೇ ಸಾಲಿಗೆ ಸೇರಿಸುವುದು ಮಾತ್ರ ತಪ್ಪು. 'ರಿಸ್ಟ್ರಿಕ್ಟ್' ಎಂದು ಬರೆದಾಗ ಎರಡು ಪಾಯಿಂಟರ್‌ಗಳು ಒಂದೇ ಜಾಗವನ್ನು ಮುಟ್ಟುವುದಿಲ್ಲವೆಂದು ಪ್ರೋಗ್ರಾಮರ್ ಮಾತು ಕೊಡುತ್ತಾನೆ. ಕಂಪೈಲರ್ ಅದನ್ನು ತಾನಾಗಿ ತಿಳಿಯುವುದು ಬಹಳ ಸಲ ಅಸಾಧ್ಯ. 'ಇನ್‌ಲೈನ್'ಗೂ ಲಿಂಕಿಂಗ್ ನಿಯಮಗಳಲ್ಲಿ ಪಾತ್ರವಿದೆ. ಆದರೂ ಮೂರು ಸಾಲು ಮೀರಿದ ಫಂಕ್ಷನ್‌ಗೆ ಅದನ್ನು ಹಚ್ಚಬೇಡಿ ಎನ್ನುತ್ತದೆ ಲಿನಕ್ಸ್ ಕರ್ನಲ್‌ನ ಕೋಡಿಂಗ್ ಶೈಲಿ. ಅಸೆಂಬ್ಲಿಗಾಗಿ ನಿರ್ದಿಷ್ಟ ರಿಜಿಸ್ಟರನ್ನು ಹೆಸರಿಸುವ ಜಿಸಿಸಿ ಸೌಲಭ್ಯದಲ್ಲಿ 'ರಿಜಿಸ್ಟರ್' ಪದ ಈಗಲೂ ಬೇಕೇ ಬೇಕು. ಇವನ್ನು ಮುಟ್ಟಬಾರದು.

ಹೊಸ ಕೋಡ್‌ನಲ್ಲಿ ವೇಗದ ಆಸೆಗೆ ಬರೆಯುವ 'ರಿಜಿಸ್ಟರ್'ಗೆ ಜಾಗವಿಲ್ಲ. ಅಧ್ಯಾಪಕರು ಆ ಪ್ರಶ್ನೆಯನ್ನು ಬದಲಿಸಲಿ: ಒಂದೇ ಲೂಪನ್ನು ಆ ಪದದೊಂದಿಗೆ ಒಮ್ಮೆ, ಅದಿಲ್ಲದೆ ಒಮ್ಮೆ ಕಂಪೈಲ್ ಮಾಡಿಸಿ, ಹೊರಬರುವ ಎರಡೂ ಅಸೆಂಬ್ಲಿ ಕೋಡ್‌ಗಳನ್ನು ವಿದ್ಯಾರ್ಥಿಗಳ ಕೈಯಲ್ಲೇ ಹೋಲಿಸಿ ನೋಡಿಸಲಿ.